ಸೋಮವಾರ ಸಾಲಿಗೆ ಬಂದವರು

...ಅಥವಾ ಆ ದಿನ ಸೋಮವಾರವೇ ಆಗಿರಲಿಲ್ಲವೇನೋ. ತಪಾಸಣೆಯ ಸಾಹೇಬರು ನಾನು ಮಾಸ್ತರನಾಗಿದ್ದ ಬೆಳವಣಕಿಯ ಸಾಲಿಗೆ ಬಂದದ್ದು ಸೋಮವಾರ ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ನೆನಪಿನಿಂದ ಹೇಳುತ್ತಿದ್ದೇನೆಯೋ, ಲೆಕ್ಕ ಹಾಕಿ ಹೇಳುತ್ತಿದ್ದೇನೆಯೋ ಎಂದು ನನ್ನನ್ನೇ ಕೇಳಿಕೊಂಡರೆ ಎರಡನೆಯದೇ ಖರೆ ಅನಿಸುತ್ತದೆ. ಓದುವವರ ತಂದೆಗಳೆಲ್ಲ ಸಾಲಿಯ ಕಟ್ಟೆಯ ಮೇಲೆ ಕೂತಿದ್ದರು. ಸೋಮವಾರ ಬಿಟ್ಟು ಬೇರೆ ದಿನ ಅವರು ಹಾಗೆ ಕೂಡುವವರಲ್ಲ. ಆದ್ದರಿಂದ ಅದು ಸೋಮವಾರ. ಹೀಗೆ ಸಿಕ್ಕ ದಿನವನ್ನು ನೆನಪು ಎನ್ನಲು ನನಗೆ ಸಂಕೋಚ.

ನಮ್ಮ ಕಡೆ ಸೋಮವಾರ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದರೆ ಒಕ್ಕಲಿಗನಿಗೂ ಅಂದು ಬಿಡುವು. ಸರಕಾರದ ಸಾಲಿಗೆ ರಜೆ ಆದಿತ್ಯವಾರ. ಹೀಗಾಗಿ ಸಾಲಿಯ ಬಾಗಿಲು ತೆರೆದಿದ್ದು, ಒಕ್ಕಲಿಗನ ಕೈ ಖಾಲಿ ಇರುವ ದಿನ ವಾರದಲ್ಲಿ ಅದೊಂದೇ. ನಾನು ಮಾಸ್ತರಿಕೆ ಕಲಿತ ಧಾರವಾಡದಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಬೆಳವಣಕಿಯವರು ಕಲಿಸಿದರು.

ವರ್ಷವನ್ನೂ ನಾನು ಹೀಗೆಯೇ ಹಿಡಿದಿದ್ದೇನೆ. ನರಗುಂದದ ಅರಸರು ಸರಕಾರದ ಮೇಲೆ ತಿರುಗಿಬಿದ್ದು ಕೋಟೆಯ ಗದ್ದಲ ಆದ ಮೇಲೆ ನಮ್ಮ ಸೀಮೆಯಲ್ಲಿ ನಾಲ್ಕು ಜನ ಒಂದು ಕಡೆ ಕೂಡಲು ಅಂಜುತ್ತಿದ್ದರು. ಯಾರಾದರೂ ದೂರದಲ್ಲಿ ಕುದುರೆಯ ಮೇಲೆ ಬಂದರೆ ಮಾತು ನಿಲ್ಲುತ್ತಿತ್ತು. ನಮ್ಮ ಕಟ್ಟೆಯ ಮೇಲೆ ಕೂತವರು ಹಾಗೆ ಅಂಜಿದ್ದನ್ನು ನಾನು ಕಂಡಿಲ್ಲ. ಅಂದರೆ ಇದು ಗದ್ದಲಕ್ಕೆ ಒಂದೆರಡು ವರ್ಷ ಮೊದಲಿನದು. ನಾನಾಗ ಇಪ್ಪತ್ತರ ಆಸುಪಾಸಿನವನು.

ಸಾಲಿ ಇದ್ದದ್ದು ಚಾವಡಿಯ ಮಗ್ಗುಲಲ್ಲಿ. ಉದ್ದನೆಯ ಪಡಸಾಲೆ, ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯಾಚೆ ಒಂದು ಬೇವಿನ ಗಿಡ. ಚಿಕ್ಕವರಿಗೆ ಊರಿನ ಹಳೆಯ ಅಯ್ಯನವರು ಅಕ್ಷರ ತಿದ್ದಿಸುತ್ತಿದ್ದರು. ಮೇಲಿನ ವರ್ಗ ನನ್ನದು. ಅದರಲ್ಲಿ ಏಳು ಜನ. ಹುಡುಗರು ಎನ್ನಬಾರದು, ಹದಿನಾರು ಹದಿನೇಳರವರು, ಮೀಸೆ ಚಿಗುರಿದವರು. ಒಬ್ಬನಿಗೆ ಮದುವೆಯೂ ಆಗಿತ್ತು. ಭೂಗೋಲ, ಅರ್ಜಿ ಬರೆಯುವುದು, ಮೋಡಿ ಲಿಪಿ ಓದುವುದು, ಸರಪಳಿ ಹಿಡಿದು ಹೊಲ ಅಳೆಯುವುದು, ಇವು ಅವರ ಪಾಠ. ಆ ವಯಸ್ಸಿನ ಮಗ ಸಾಲಿಯಲ್ಲಿ ಕೂತರೆ ಮನೆಯಲ್ಲಿ ಒಂದು ಆಳು ಕಡಿಮೆಯಾದಂತೆ. ಬಿತ್ತುವಾಗ ಇಬ್ಬರು ಬರುತ್ತಿರಲಿಲ್ಲ, ಕಳೆ ತೆಗೆಯುವಾಗ ಮೂವರು, ಸುಗ್ಗಿಯಲ್ಲಿ ನಾನೊಬ್ಬನೇ.

ಒಂದು ದಿನ ಧಾರವಾಡದಿಂದ ಪತ್ರ ಬಂತು. ಮುಂದಿನ ತಪಾಸಣೆಯಲ್ಲಿ ಮೇಲಿನ ವರ್ಗ ಸರಿಯಾಗಿ ಉತ್ತರ ಕೊಡದಿದ್ದರೆ ಅದನ್ನು ಮುಚ್ಚುವುದು, ಮಾಸ್ತರನನ್ನು ಬೇರೆ ಊರಿಗೆ ಕಳಿಸುವುದು. ಮುಚ್ಚಿದರೂ ಏಳರಲ್ಲಿ ಆರು ಮನೆಯವರು ಹೇಗೋ ಸಾಗಿಸುತ್ತಿದ್ದರು. ಬೇಕೆಂದರೆ ಮಗನನ್ನು ಧಾರವಾಡದಲ್ಲಿ ಬೀಗರ ಮನೆಯಲ್ಲಿ ಇಡುತ್ತಿದ್ದರು. ಏಳನೆಯವನಿಗೆ ಆ ದಾರಿ ಇರಲಿಲ್ಲ. ಅವನ ತಾಯಿ ಕೂಲಿಯಾಕೆ. ಗಂಡ ಸತ್ತ ಮೇಲೆ ಗಜೇಂದ್ರಗಡದ ಹತ್ತಿರದ ಪುರ್ತಗೇರಿಯಿಂದ ಮಗನನ್ನು ಕರೆದುಕೊಂಡು ಕೆಲಸ ಹುಡುಕುತ್ತ ಬಂದು ಬೆಳವಣಕಿಯಲ್ಲಿ ನಿಂತವಳು. ಊರವರು ಆಕೆಯನ್ನು ಪುರ್ತಗೇರಿಯವ್ವ ಎಂದೇ ಕರೆಯುತ್ತಿದ್ದರು. ವರ್ಗ ಮುಚ್ಚಿದರೆ ಮರುದಿನವೇ ಅವಳ ಮಗನ ಕೈಗೆ ಕುಡುಗೋಲು ಬರುತ್ತಿತ್ತು. ಆ ವರ್ಗದಲ್ಲಿ ಎಲ್ಲರಿಗಿಂತ ಚುರುಕಿನವನು ಅವನೇ.

ಪತ್ರ ಬಂದ ಮರುದಿನ ನಾನು ಮನೆಮನೆಗೆ ಹೋಗಿ, ಮಕ್ಕಳನ್ನು ಸಾಲಿಗೆ ಕಳಿಸುತ್ತಿಲ್ಲವೆಂದು ಬೈದೆ. ತಿಳಿಹೇಳಿದೆ ಎಂದು ಬರೆಯಲು ಕೈ ಹೋಗುತ್ತದೆ; ಬೈದದ್ದೇ ನಿಜ. ಮೊದಲ ಮನೆ ಒಬ್ಬ ಹಿರಿಯ ಒಕ್ಕಲಿಗರದು. ಓಣಿಗೆಲ್ಲ ಅವರು ಯಜಮಾನರು. ಅವರ ಮಗ ನನ್ನ ವರ್ಗದಲ್ಲಿದ್ದ. ಅವರು ಹುಲ್ಲಿನ ಹಿಡಿಯಿಂದ ಎತ್ತಿನ ಮೈ ತಿಕ್ಕುತ್ತಿದ್ದರು. ನಾನು ಹೇಳುವುದನ್ನೆಲ್ಲ ಪೂರ್ತಿ ಕೇಳಿದರು.

"ಮಾಸ್ತರ, ನಿಮಗ ವಯಸ್ಸೆಷ್ಟರಿ?"

"ಇಪ್ಪತ್ತು."

"ಈ ಎತ್ತಿಗೆ ಹನ್ನೊಂದು. ಇದೂ ಮುಂಜಾನಿ ಎದ್ದು ಹಿಂಗ ಗುರ್ ಅಂತೈತ್ರಿ. ಹೊಟ್ಟಿಗೆ ಬಿದ್ರ ಸುಮ್ನಾಗತೈತಿ. ಬರ್ರಿ ಒಳಗ, ರೊಟ್ಟಿ ತಿನ್ರಿ."

ನಾನು ತಿನ್ನಲಿಲ್ಲ. ತಿಂದೆನೇನೋ. ಅಂಗಳ ದಾಟಿ ಹೊರಡುವಾಗ ಅವರು ಹಿಂದಿನಿಂದ ಕರೆದದ್ದು ಮಾತ್ರ ಕಿವಿಯಲ್ಲಿದೆ.

"ಮಾಸ್ತರ, ನೀವು ನಮ್ಮ ಮನಿಗೆ ಬಂದು ಬೈದ್ರಿ, ಚಲೋ ಆತು. ನಾವು ನಿಮ್ಮ ಸಾಲಿಗೆ ಬಂದು ಬೈಬೇಕಂದ್ರ ಯಾವಾಗ ಬರಬೇಕ್ರಿ?"

"ಯಾವಾಗ ಬೇಕಾದರೂ ಬನ್ನಿ," ಅಂದೆ, ಸಿಟ್ಟಿನಲ್ಲಿ.

"ಯಾವಾಗರ ಅಂದ್ರ ಎತ್ತು ಬಿಡಬೇಕಲ್ರಿ. ಸೋಮವಾರ ಬರ್ತೀವಿ."

ಬಂದರು. ಐದು ಜನ ತಂದೆಗಳು ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು, ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತರು. ಹತ್ತಿ ವ್ಯಾಪಾರದ ಸಾವಕಾರರೂ ಬಂದರು. ಅವರು ತಾವಾಗಿ ಹೂಡುವವರಲ್ಲ, ಹೊಲವನ್ನು ಬೇರೆಯವರಿಂದ ಮಾಡಿಸುವವರು. ಯಾಕೆ ಬಂದಿರಿ ಎಂದು ಯಜಮಾನರು ಕೆಣಕಿದರೆ, "ನಿಮ್ಮ ಎತ್ತು ಮಲಗಿದ ದಿನ ನನ್ನ ಅಂಗಡಿಗೆ ನೊಣಾನೂ ಬರೂದಿಲ್ಲೋ ಮಾರಾಯಾ," ಅಂದರು.

ಅಂದು ನಾನು ಗೋಡೆಯ ಮೇಲೆ ನಕಾಶೆ ತೂಗುಹಾಕಿ ಭೂಗೋಲ ಹೇಳಿದೆ. ಪಾಠ ಮುಗಿದ ಮೇಲೆ ಸಾವಕಾರರು ಎದ್ದು ನಕಾಶೆಯ ಹತ್ತಿರ ಮೂಗು ಒಯ್ದು ಕೇಳಿದರು: "ಇದರಾಗ ಬೆಳವಣಕಿ ಎಲ್ಲೈತ್ರಿ?"

"ಇಷ್ಟು ಸಣ್ಣ ಊರು ಇದರಲ್ಲಿ ಬರುವುದಿಲ್ಲ."

ಯಜಮಾನರು ಕೂತಲ್ಲಿಂದಲೇ ಅಂದರು: "ಹಂಗಾರ ನಕಾಶಿ ಸಣ್ಣದು ಅನ್ರಿ. ಊರಿಗ್ಯಾಕ ಸಣ್ಣದು ಅಂತೀರಿ?"

ಏಳೂ ಜನ ನಕ್ಕರು. ನಾನು ಮೋರೆ ಗಂಟು ಹಾಕಿಕೊಂಡೆ. ಮುಂದಿನ ಸೋಮವಾರ ಬಂದು ನೋಡಿದರೆ ಪಡಸಾಲೆಯ ಮೂಲೆಯಲ್ಲಿ ಮಳಲಿನ ಗುಡ್ಡೆ. ಕೊಣ್ಣೂರಿಗೆ ಹತ್ತಿ ಹೇರಿಕೊಂಡು ಹೋದ ಸಾವಕಾರರ ಗಾಡಿ ತಿರುಗಿ ಬರುವಾಗ ಮಲಪ್ರಭೆಯ ದಂಡೆಯಿಂದ ಸಣ್ಣ ಮಳಲು ತಂದಿತ್ತು. ಅದನ್ನು ನೆಲದ ಮೇಲೆ ಹರಡಿ ನನ್ನ ವರ್ಗದವರು ಬೆರಳಿನಿಂದ ಊರು ಬರೆದರು. ಕಟ್ಟೆಯ ಮೇಲಿನವರು ಸುಮ್ಮನೆ ಕೂಡಲಾರದೆ ಒಳಗೆ ಬಂದರು. "ಹಳ್ಳ ಅಲ್ಲಿ ತಿರಗೂದಿಲ್ಲೋ ತಮ್ಮಾ, ಹುಣಸಿಗಿಡ ದಾಟಿ ತಿರಗತೈತಿ." "ನಿಮ್ಮಪ್ಪನ ಹೊಲಾ ಅಷ್ಟ ದೊಡ್ಡದ ಮಾಡಬ್ಯಾಡ, ನಮ್ಮ ಹೊಲದಾಗ ಬಂತು!" ಸಂಜೆಯ ಹೊತ್ತಿಗೆ ಊರಿನ ಪೂರ್ತಿ ನಕಾಶೆ ನೆಲದ ಮೇಲಿತ್ತು. ಧಾರವಾಡದ ನಕಾಶೆಯ ಮುಂದೆ ಬಾಯಿ ಬಿಡದ ಒಬ್ಬನು ಈ ಮಳಲಿನ ಮುಂದೆ ನಿಂತು ದಿಕ್ಕು, ದೂರ, ನೀರಿನ ಹರಿವು ಎಲ್ಲ ಹೇಳಿದ. ಆ ಪಾಠ ನನ್ನದಾಗಿರಲಿಲ್ಲ. ನನ್ನದೆಂದು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದೇನೆ.

ಮೂರನೆಯ ಸೋಮವಾರವೋ ನಾಲ್ಕನೆಯದೋ, ಅವರು ತಮ್ಮತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡರು. ಯಾರೂ ತನ್ನ ಮಗನ ವಿಷಯ ತಾನು ಮಾತಾಡಬಾರದು. ದನದ ಸಂತೆಯಲ್ಲಿ ಎತ್ತು ಪರೀಕ್ಷೆ ಮಾಡುವಾಗ ಒಡೆಯನನ್ನು ದೂರ ನಿಲ್ಲಿಸಿ, ಬೇರೆಯವರನ್ನು ಕೇಳುವ ರೂಢಿ ಇತ್ತಂತೆ. ಒಡೆಯ ಸುಳ್ಳು ಹೇಳುತ್ತಾನೆಂದಲ್ಲ, ಅವನ ಕಣ್ಣಿಗೆ ಕಾಣುವುದಿಲ್ಲವೆಂದು. ಹಾಗೆಯೇ ಇಲ್ಲಿಯೂ ಸಾವಕಾರರ ಮಗನ ಸುದ್ದಿ ಯಜಮಾನರು ಹೇಳಬೇಕು, ಯಜಮಾನರ ಮಗನದು ಇನ್ನೊಬ್ಬರು. ಮಗ ಸಾಲಿ ತಪ್ಪಿಸಿದರೆ ಅವನ ಅಪ್ಪನ ಬದಲು ಬೇರೆಯವನ ಅಪ್ಪ ಹೊಲಕ್ಕೆ ಹೋಗಿ ಕರೆತರುತ್ತಿದ್ದ. ಅಪ್ಪನಿಗೆ ಕೊಡಬಹುದಾದ ನೆವವನ್ನು ಬೇರೆಯವನ ಅಪ್ಪನಿಗೆ ಕೊಡಲು ಅವರಿಗೆ ನಾಚಿಕೆ. ಹಾಜರಿ ತಾನಾಗಿ ಸರಿಹೋಯಿತು. ನಾನು ಬೈಯುವ ಕೆಲಸವೇ ಉಳಿಯಲಿಲ್ಲ.

ಪುರ್ತಗೇರಿಯವ್ವನಿಗೆ ಸೋಮವಾರ ಬಿಡುವಿರಲಿಲ್ಲ. ಬಿಡುವು ಎತ್ತಿಗೆ. ಕೈಯಿಂದ ಕಳೆ ತೆಗೆಯುವವರಿಗೆ ವಾರವೆಲ್ಲ ಒಂದೇ. ಆಕೆ ಮಧ್ಯಾಹ್ನ ಉಣ್ಣುವ ಹೊತ್ತನ್ನು ಬಿಟ್ಟು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದಿಂದ ಬರುತ್ತಿದ್ದಳು. ಕಟ್ಟೆಯ ಹತ್ತಿರ ಬರುತ್ತಿರಲಿಲ್ಲ, ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು. ಬಾ ಎಂದು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಆದರೆ ಕಟ್ಟಳೆ ಆಕೆಗೂ ಇತ್ತು. ಒಮ್ಮೆ ಯಜಮಾನರೇ ಅತ್ತ ತಿರುಗಿ ಕೇಳಿದರು: "ಏನವಾ, ನಮ್ಮ ಹುಡುಗ ಹ್ಯಾಂಗ ಅದಾನ?"

"ಶಾಣ್ಯಾ ಅದಾನ್ರಿ ಯಪ್ಪಾ. ಓದೂಮುಂದ ಮಾತ್ರ ಕಣ್ಣು ಬಾಗಲಕ ಇರ್ತಾವು. ಬಾಗಲಾ ಮುಚ್ಚಿದ್ರ ಓದಿಗೆ ಹತ್ತತಾನ."

ಕಟ್ಟೆಯ ಮೇಲೆ ನಗೆ. ಯಜಮಾನರ ಮಗ ಕೆಂಪಾದ. ಅಂದಿನಿಂದ ನಾನು ಅವನನ್ನು ಬಾಗಿಲಿಗೆ ಬೆನ್ನು ಮಾಡಿ ಕೂಡಿಸಿದೆ. ಮಾಸ್ತರನಾದ ನನಗೆ ಅದು ಕಂಡಿರಲಿಲ್ಲ.

ಆಕೆಗೆ ಓದು ಬರುತ್ತಿರಲಿಲ್ಲ. ಮಗ ಬಾಯಿಪಾಠ ಮಾಡುವುದನ್ನು ಆಕೆ ಹೇಗೆ ನೋಡಿಕೊಳ್ಳುತ್ತಾಳೆ ಎಂದು ನನಗೆ ಕುತೂಹಲ. ಒಂದು ಮುಂಜಾನೆ ಅವರ ಗುಡಿಸಿಲ ಮುಂದೆ ಹಾಯ್ದಾಗ ತಿಳಿಯಿತು. ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಮಗ ಒಲೆಯ ಬದಿಗೆ ಕೂತು ಒಪ್ಪಿಸುತ್ತಿದ್ದ. ರೊಟ್ಟಿಯ ಸಪ್ಪಳ ಒಂದೇ ಸಮ. ಅವನ ಮಾತು ಆ ಸಪ್ಪಳಕ್ಕೆ ಹೊಂದಿ ನಡೆಯುತ್ತಿತ್ತು. ಒಂದು ಕಡೆ ಅವನು ತಡವರಿಸಿದ. ಆಕೆಯ ಕೈ ಹಿಟ್ಟಿನ ಮೇಲೆ ನಿಂತಿತು.

"ಮತ್ತೊಮ್ಮಿ."

"ಸರಿ ಹೇಳಿದ್ನಲ್ಲಬೇ."

"ನನಗೇನ ಗೊತ್ತೋ ಸರಿ ತಪ್ಪು? ರೊಟ್ಟಿ ಬಡಿಯೂ ಕೈ ನಿಂತಿತು. ಮತ್ತೊಮ್ಮಿ ಹೇಳು."

ಒಳಗಿದ್ದವರಿಗೆ ಕಾಣದಂತೆ ನಾನು ಅಲ್ಲೇ ನಿಂತೆ. ಧಾರವಾಡದಲ್ಲಿ ನಮಗೆ ಕಲಿಸಿದ ಯಾವ ಉಪಾಯಕ್ಕಿಂತಲೂ ಇದು ಹೆಚ್ಚು ನಂಬಿಗಸ್ತ. ಮುಂದಿನ ದಿನಗಳಲ್ಲಿ ಆ ಉಪಾಯ ಬಾವಿಯ ಕಟ್ಟೆಯಿಂದ ಮನೆಮನೆಗೆ ಹೋಯಿತು. ಮುಂಜಾನೆ ಓಣಿಯಲ್ಲಿ ನಡೆದರೆ ಆರೇಳು ಮನೆಗಳಿಂದ ರೊಟ್ಟಿಯ ಸಪ್ಪಳದೊಳಗೆ ಭೂಗೋಲ ಕೇಳುತ್ತಿತ್ತು. ಹೀಗೆ ಬರೆದು ನೋಡಿದರೆ ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ. ಮೂರು ಮನೆ ಇದ್ದಿರಬಹುದು.

ಇನ್ನು ಸರಪಳಿಯ ವಿಷಯ. ತಪಾಸಣೆಗೆ ತಿಂಗಳಿರುವಾಗ ನಾನು ಒಂದು ಕೆಲಸ ಕೊಟ್ಟೆ. ಪ್ರತಿಯೊಬ್ಬನೂ ತನ್ನ ಮನೆಯ ಒಂದು ಹೊಲವನ್ನು ಅಳೆದು, ನಕಾಶೆ ಬರೆದು, ಎಕರೆ ಗುಂಟೆ ಲೆಕ್ಕ ತೆಗೆಯಬೇಕು. ಸಾಲಿಯ ಸರಪಳಿಯಿಂದ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಳೆದರೆ ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಊರವರ ಅಳತೆ ಬೇರೆ. ಒಂದು ಕೂರಿಗೆ ಒಂದು ದಿನದಲ್ಲಿ ಬಿತ್ತುವಷ್ಟು ನೆಲ ಒಂದು ಕೂರಿಗೆಯ ಹೊಲ. ಹೊಸ ಅಳತೆಯನ್ನು ತಂದೆಗಳಿಗೆ ನಾನು ಒಂದು ಸೋಮವಾರ ತಿಳಿಸಿದೆ. ಅವರಿಗೆ ಅದು ಭಾಳ ಹಿಡಿಸಿತು. ಸರಪಳಿಯ ಒಂದು ತುದಿ ಅಪ್ಪ, ಒಂದು ತುದಿ ಮಗ ಹಿಡಿದರು. ಪುರ್ತಗೇರಿಯವ್ವನಿಗೆ ಹೊಲ ಇರಲಿಲ್ಲವಾದ್ದರಿಂದ ಯಜಮಾನರು ತಾವಾಗಿಯೇ ಅಂದರು: "ನಮ್ಮ ಬನ್ನಿಗಿಡದ ಹೊಲಾ ಅವನೂ ಅಳೀಲಿ. ಅವರವ್ವ ಅದರಾಗ ದುಡೀತಾಳ, ಅಕೀಗೂ ಅದು ಗೊತ್ತೈತಿ." ಹೀಗೆ ಒಂದೇ ಹೊಲವನ್ನು ಇಬ್ಬರು ಬೇರೆಬೇರೆ ದಿನ ಅಳೆದರು. ಒಂದು ದಿನ ಯಜಮಾನರ ಮಗ ಅಪ್ಪನೊಡನೆ, ಇನ್ನೊಂದು ದಿನ ಕೂಲಿಯಾಕೆಯ ಮಗ ಅವ್ವನೊಡನೆ.

ನಾನು ಹೋಗಿ ನೋಡಲಿಲ್ಲ. ಊರಿನ ಕುಲಕರ್ಣಿಯ ದಫ್ತರದ ಜೊತೆಗೆ ತಾಳೆ ಹಾಕಲಿಲ್ಲ. ತಂದೆತಾಯಿ ಇಷ್ಟು ಕೈ ಹಾಕಿದ್ದಾರೆ ಎಂಬ ಸಂತೋಷದಲ್ಲಿ ನನ್ನ ಕೆಲಸವನ್ನು ನಾನು ಮರೆತೆ.

ಸಾಹೇಬರು ಆದಿತ್ಯವಾರ ಸಂಜೆ ರೋಣದಿಂದ ಗಾಡಿಯಲ್ಲಿ ಬಂದು ಚಾವಡಿಯಲ್ಲಿ ಇಳಿದುಕೊಂಡರು. ಸಾಹೇಬರು ಎಂದರೆ ಬಿಳಿಯರಲ್ಲ, ನಮ್ಮವರೇ. ಜರಿಯ ರುಮಾಲು, ಬೆಳ್ಳಗೆ ಒಗೆದ ಅಂಗರಖಾ, ಕಾಲಲ್ಲಿ ಮೆರುಗು ಹಾಕಿದ ಜೋಡು. ಮರುದಿನ ಬಂದು ಕೂತು ಭೂಗೋಲ ಕೇಳಿದರು, ನನ್ನ ವರ್ಗದವರು ಹೇಳಿದರು. ಅರ್ಜಿ ಬರೆಸಿದರು, ಬರೆದರು. ಕಟ್ಟೆಯ ಮೇಲೆ ಕೂತವರು ಯಾರೆಂದು ಕೇಳಿದರು. ತಂದೆಗಳು ಎಂದೆ. "ಪರೀಕ್ಷೆ ಇವರದೋ, ಮಕ್ಕಳದೋ?" ಎಂದು ನಕ್ಕರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಹೊಲದ ಲೆಕ್ಕಗಳನ್ನು ತರಿಸಿದರು. ಜೊತೆಗೆ ಕುಲಕರ್ಣಿಯ ದಫ್ತರವನ್ನೂ ತರಿಸಿದರು. ಒಂದೊಂದಾಗಿ ಬೆರಳಿಟ್ಟು ಹೋಲಿಸುತ್ತ ಹೋದಂತೆ ಅವರ ಮೋರೆ ಬಿಗಿಯಿತು. ಏಳು ಲೆಕ್ಕಗಳಲ್ಲಿ ಆರು ತಪ್ಪು, ಆರೂ ದಫ್ತರಕ್ಕಿಂತ ಕಡಿಮೆ. ಏಳನೆಯದು ಮಾತ್ರ ಸರಿ. ಅದಕ್ಕಿಂತ ಕೆಟ್ಟದ್ದು, ಬನ್ನಿಗಿಡದ ಹೊಲ ಎರಡು ಸಲ ಬಂದಿತ್ತು. ದಫ್ತರದಲ್ಲಿ ಹನ್ನೆರಡು ಎಕರೆ. ಕೂಲಿಯಾಕೆಯ ಮಗ ಬರೆದದ್ದು ಹನ್ನೆರಡು ಎಕರೆ. ಆ ಹೊಲದ ಒಡೆಯನ ಮಗ ಬರೆದದ್ದು ಹನ್ನೊಂದು ಎಕರೆ ಇಪ್ಪತ್ತಾರು ಗುಂಟೆ.

"ಒಬ್ಬನಿಗೆ ದಫ್ತರ ತೋರಿಸಿ ಬರೆಸಿದ್ದೀರಿ," ಸಾಹೇಬರು ನನಗೆ ಹೇಳಿದರು. "ಉಳಿದವರಿಗೆ ಹೊಲ ಕಡಿಮೆ ತೋರಿಸುವುದನ್ನು ಕಲಿಸಿದ್ದೀರಿ. ಕಂದಾಯ ತಪ್ಪಿಸುವುದಕ್ಕೆ ಸರಕಾರ ಸಾಲಿ ತೆಗೆದಿದೆಯೇ? ಈ ವರ್ಗ ಇಲ್ಲಿಗೇ ಸಾಕು."

ಮುಂದೆ ನಾನು ಆಡಿದ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ, ಇದರಲ್ಲಿ ಸಂಶಯವೇ ಇಲ್ಲ. ಮರೆಯಲು ಬಹಳ ಪ್ರಯತ್ನಪಟ್ಟದ್ದರಿಂದ ಅದು ಉಳಿದಿದೆ. "ನನಗೇನೂ ಗೊತ್ತಿಲ್ಲ ಸಾಹೇಬರೆ. ಇದನ್ನು ಇವರ ತಂದೆಗಳು ಮಾಡಿಸಿದ್ದು," ಅಂದೆ.

ಯಜಮಾನರು ಎದ್ದು ರುಮಾಲು ಸುತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ.

"ಹೌದ್ರಿ ಸಾಹೇಬ್ರ. ನಾವ ಮಾಡ್ಸಿದ್ದು. ಮಾಸ್ತರದೇನೂ ತಪ್ಪಿಲ್ರಿ. ಆದ್ರ ತಪ್ಪು ಎಲ್ಲಿ ಆತು ಹೇಳ್ರಿ, ನಾವೂ ತಿಳ್ಕೋತೀವಿ."

"ಹದಿನಾಲ್ಕು ಗುಂಟೆ ಎಲ್ಲಿ ಹೋಯಿತು?"

"ಎಲ್ಲೂ ಹೋಗಿಲ್ರಿ, ಅಲ್ಲೇ ಐತಿ. ಬದು ಬಿಟ್ಟ ಅಳದೀವ್ರಿ. ಬದು ನಮ್ಮದೊಬ್ಬರದಲ್ಲ, ಆಜೂಬಾಜೂದವರದೂ ಹೌದು. ಬನ್ನಿಗಿಡದ ಬುಡ ದೇವರದು, ಅದನ್ನ ಹ್ಯಾಂಗ ಅಳೀಬೇಕ್ರಿ? ಮೂಡಣ ಮೂಲಿ ಹಕ್ಕಿಗೆ ಬಿಟ್ಟದ್ದು. ನಮ್ಮಪ್ಪನ ಕಾಲದಿಂದ ಅಲ್ಲಿ ತೆನಿ ಮುರಿಯೂದಿಲ್ಲ. ನಿಮ್ಮ ಹೊಲಾ ಅಳೀರಿ ಅಂದ್ರು ಮಾಸ್ತರು. ನಮ್ಮದಷ್ಟ ಅಳದೀವಿ."

ಉಳಿದ ತಂದೆಗಳೂ ತಲೆ ಆಡಿಸಿದರು. ಆರು ಜನರೂ ಬೇರೆಬೇರೆ ದಿನ, ಬೇರೆಬೇರೆ ಹೊಲದಲ್ಲಿ, ಒಬ್ಬರನ್ನೊಬ್ಬರು ಕೇಳದೆ ಇದನ್ನೇ ಮಾಡಿದ್ದರು. ಅದು ತಪ್ಪಾಗಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಸಾಹೇಬರು ನಂಬಲಿಲ್ಲ. ಏಳನೆಯವನನ್ನು ಕರೆದರು. "ನಿನಗೆ ಹನ್ನೆರಡು ಎಕರೆ ಅಂತ ಹೇಳಿದವರು ಯಾರು?"

"ಯಾರೂ ಹೇಳಿಲ್ರಿ, ಅಳತಿ ಬಂದದ್ದು ಹಂಗ. ಎಲ್ಲಾ ಅಳಿ ಅಂತ ಅವ್ವ ಹೇಳಿದ್ಲು."

"ಎಲ್ಲಿ ನಿಮ್ಮವ್ವ?"

ಎಲ್ಲರ ತಲೆ ಬೇವಿನ ಗಿಡದ ಕಡೆ ತಿರುಗಿತು. ಆಕೆ ಸೆರಗು ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದಳು. ಸೊಂಟದ ಕುಡುಗೋಲನ್ನು ತೆಗೆದು ಕೆಳಗಿಟ್ಟದ್ದನ್ನು ನೋಡಿದ್ದೇನೆ.

"ನಾನ ಹೇಳಿದ್ನಿರಿ. ಬದುವಿನ ಹುಲ್ಲು ನಾನ ಕೊಯ್ದೀನಿ. ಬನ್ನಿ ಬುಡಕ ಕಸಾ ನಾನ ತಗದೀನಿ. ಹಕ್ಕಿ ಮೂಲ್ಯಾಗೂ ಕಳೆ ಬೆಳೀತೈತ್ರಿ, ಅದನ್ನೂ ಕಿತ್ತೀನಿ. ಯಾವುದು ಯಾರದೋ ನನಗೇನ ಗೊತ್ತ್ರಿ? ನನ್ನ ಕೈ ಆಡಿದ್ದೆಲ್ಲಾ ಅಳಿಯಪ್ಪಾ ಅಂದ್ನಿ."



ಸಾಹೇಬರು ಎದ್ದರು. "ಹೊಲ ತೋರಿಸಿ. ಗಾಡಿ ಹೂಡಿಸಿ."

ಯಾರೂ ಕದಲಲಿಲ್ಲ. ವರ್ಗ ಉಳಿಯುವುದೋ ಮುಚ್ಚುವುದೋ ಅವರೊಬ್ಬರ ಕೈಯಲ್ಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಸಾವಕಾರರು ಕೈ ಮುಗಿದು, "ಇವತ್ತ ಎತ್ತು ಹೂಡೂದಿಲ್ರಿ ಸಾಹೇಬ್ರ," ಅಂದರು. ರೋಣದಿಂದ ಸಾಹೇಬರನ್ನು ಕರೆತಂದ ಗಾಡಿಯವನೂ ನೆಲ ನೋಡುತ್ತ ನಿಂತ. ಯಜಮಾನರು ಹೇಳಿದರು: "ದೂರಿಲ್ರಿ. ನಡಕೋತ ಹೋಗೂಣು. ನಾವೂ ಬರ್ತೀವಿ."

ಸಾಹೇಬರು ನಡೆದರು. ಆ ಮೆರುಗಿನ ಜೋಡಿನ ಮೇಲೆ ಕರಿ ಮಣ್ಣಿನ ಧೂಳು ಹೆಜ್ಜೆ ಹೆಜ್ಜೆಗೂ ಏರುತ್ತಿದ್ದುದನ್ನು ನಾನು ಹಿಂದಿನಿಂದ ನೋಡುತ್ತ ಹೋದೆ. ತಲೆ ಎತ್ತಲು ನನಗೆ ಮೋರೆ ಇರಲಿಲ್ಲ. ಇದು ಲೆಕ್ಕ ಹಾಕಿ ತೆಗೆದದ್ದಲ್ಲ. ಆ ಧೂಳು ಇಂದಿಗೂ ಕಣ್ಣ ಮುಂದಿದೆ. ಹಾಗಾದರೆ ಅದು ಸೋಮವಾರವೇ ಇರಬೇಕು.

ಹೊಲದಲ್ಲಿ ಬಿಟ್ಟುಹೋದದ್ದನ್ನೆಲ್ಲ ಅಳೆಸಿದರು. ಸರಪಳಿಯ ಒಂದು ತುದಿ ಯಜಮಾನರ ಮಗ, ಇನ್ನೊಂದು ತುದಿ ಪುರ್ತಗೇರಿಯವ್ವನ ಮಗ ಹಿಡಿದರು. ಸುತ್ತಿನ ಬದು ಹನ್ನೊಂದು ಗುಂಟೆ. ಬನ್ನಿಯ ಬುಡಕ್ಕೆ ಬಂದಾಗ ಯಜಮಾನರು ರುಮಾಲು ತೆಗೆದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮಗನಿಗೆ "ಹೂಂ, ಅಳಿ" ಅಂದರು. ಅದು ಒಂದು ಗುಂಟೆ. ಹಕ್ಕಿಯ ಮೂಲೆ ಎರಡು. ಕೂಡಿಸಿದರೆ ಹದಿನಾಲ್ಕು. ಇಷ್ಟು ಸರಿಯಾಗಿ ಕೂಡುವ ಲೆಕ್ಕ ನನ್ನ ಮುಂದಿನ ಕೆಲಸದಲ್ಲಿ ಒಮ್ಮೆಯೂ ಕೂಡಿದ್ದಿಲ್ಲ. ಸರಪಳಿ ಜಗ್ಗುತ್ತದೆ, ನೆಲ ಏರಿಳಿಯುತ್ತದೆ. ಆ ದಿನ ಅರ್ಧ ಗುಂಟೆಯೋ ಒಂದು ಗುಂಟೆಯೋ ಹೆಚ್ಚುಕಡಿಮೆ ಇದ್ದಿರಬೇಕು. ಆ ಅರ್ಧ ಗುಂಟೆಯನ್ನು ಈ ವರ್ಷಗಳಲ್ಲಿ ನಾನೇ ತುಂಬಿರಬೇಕು.

ಸಾಹೇಬರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಬನ್ನಿಯ ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಜೋಡು ಬಿಚ್ಚಿ ಮಣ್ಣು ಕೊಡವಿದರು. ನಾವು ದೂರದಲ್ಲಿ ಸರಪಳಿ ಮಡಚುತ್ತಿದ್ದೆವು. ತಿರುಗಿ ನೋಡಿದರೆ ಪುರ್ತಗೇರಿಯವ್ವ ಅವರಿಂದ ಐದಾರು ಹೆಜ್ಜೆ ದೂರದಲ್ಲಿ ನಿಂತು ಏನೋ ಹೇಳುತ್ತಿದ್ದಳು. ಕೈಯಿಂದ ಒಮ್ಮೆ ಹೊಲ ತೋರಿಸಿದಳು, ಒಮ್ಮೆ ಊರಿನ ದಿಕ್ಕು. ಸಾಹೇಬರು ಒಂದು ಮಾತು ಕೇಳಿದರು, ಆಕೆ ಉತ್ತರ ಕೊಟ್ಟಳು. ಗಾಳಿ ನಮ್ಮ ಕಡೆಯಿಂದ ಅತ್ತ ಬೀಸುತ್ತಿದ್ದುದರಿಂದ ಮಾತು ಕೇಳಿಸಲಿಲ್ಲ. ಆಮೇಲೆ ಅವರು ಅಳತೆ ಬರೆದುಕೊಂಡಿದ್ದ ಪುಸ್ತಕ ಮುಚ್ಚಿ ಎದ್ದರು.

ದಾರಿಯಲ್ಲಿ ಯಜಮಾನರು ನನ್ನ ಹತ್ತಿರ ಬಂದರು. ಸಾಹೇಬರ ಮುಂದೆ ನಾನಾಡಿದ ಮಾತಿಗೆ ಈಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಮಾಸ್ತರ, ಅಂಜಿದ್ರೇನು?"

"ಹೌದ್ರಿ."

"ಎಳೇ ಎತ್ತು ಮೊದಲನೇ ಸಲ ಹೊಳಿ ದಾಟೂಮುಂದ ಅಂಜತೈತಿ. ಎರಡನೇ ಸಲ ತಾನ ಇಳೀತೈತಿ. ನಡೀರಿ, ಇವತ್ತರ ನಮ್ಮ ಮನ್ಯಾಗ ರೊಟ್ಟಿ ತಿನ್ರಿ."

ತಿಂದೆ. ಈ ಸಲದ್ದು ಖಂಡಿತ ನೆನಪಿದೆ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು.

ತಿಂಗಳ ಮೇಲೆ ಧಾರವಾಡದಿಂದ ಪತ್ರ ಬಂತು. ಮೇಲಿನ ವರ್ಗ ಮುಂದುವರಿಸುವುದು. ಅಷ್ಟೇ, ಕಾರಣ ಬರೆದಿರಲಿಲ್ಲ. ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ. ಸಾವಕಾರರು ಇನ್ನೊಮ್ಮೆ ಓದಿಸಿದರು. ಬೇವಿನ ಗಿಡದ ಕೆಳಗೆ ನಿಂತಾಕೆಗೆ ಕೇಳಲಿ ಎಂದೇ ಇನ್ನೊಮ್ಮೆ ಓದಿಸಿದರೇನೋ. ಆಕೆಯ ಮಗ ವರ್ಗ ಮುಗಿಸಿ ಮುಂದೆ ಸರಕಾರದ ಅಳತೆಯ ಖಾತೆ ಸೇರಿದ. ಸೋಮವಾರದ ಕೂಟ ನಾನು ಆ ಊರು ಬಿಡುವವರೆಗೂ ನಡೆಯಿತು. ಆಮೇಲೆ ನಾನು ಐದಾರು ಊರುಗಳಲ್ಲಿ ಕಲಿಸಿದೆ. ಎಲ್ಲಿಗೆ ಹೋದರೂ ಮೊದಲು ಕೇಳುತ್ತಿದ್ದುದು ಇಲ್ಲಿ ಎತ್ತಿಗೆ ಯಾವ ದಿನ ಬಿಡುವು ಎಂದು. ಕಟ್ಟೆಯ ಮೇಲೆ ಜನ ಬಂದು ಕೂತರು, ಆದರೆ ಅಂಥವರನ್ನು ನಾನು ಮತ್ತೆ ಕಾಣಲಿಲ್ಲ. ಮಕ್ಕಳ ಓದಿಗಾಗಿ ಹೊತ್ತು ಕೊಟ್ಟವರು ಬೇಕಾದಷ್ಟು ಜನ. ತಮ್ಮ ಮಕ್ಕಳ ಬಗ್ಗೆ ಬಾಯಿ ಮುಚ್ಚಿಕೊಂಡು, ಬೇರೆಯವರ ಮಕ್ಕಳ ಬಗ್ಗೆ ಕಣ್ಣು ತೆರೆದು ಕೂತವರು ಬೆಳವಣಕಿಯವರು.

ಆ ಪತ್ರ ಬಂದ ದಿನವೇ ನಾನು ಬೇವಿನ ಗಿಡದ ಹತ್ತಿರ ಹೋದೆ. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. "ಅವತ್ತು ಹೊಲದಲ್ಲಿ ಸಾಹೇಬರಿಗೆ ಏನು ಹೇಳಿದಿರಿ?" ಎಂದು ಕೇಳಿದೆ.

ಆಕೆ ನಕ್ಕಳು. "ಹೊಲದಾಗಿನ ಮಾತು ಸಾಲ್ಯಾಗ ಯಾಕ್ರಿ ಮಾಸ್ತರ? ಹೊತ್ತಾತು, ಕಳೆ ಕುಂತೈತಿ," ಎಂದು ಕುಡುಗೋಲು ಸಿಕ್ಕಿಸಿಕೊಂಡು ಹೋದಳು.

ಮಗನನ್ನು ಕೇಳಿದೆ. ಅವನಿಗೂ ತಿಳಿದಿರಲಿಲ್ಲ. ಸಾಹೇಬರು ಆ ಕಡೆ ಮತ್ತೆ ಬರಲಿಲ್ಲ. ಅವರು ವರ್ಗವನ್ನು ಉಳಿಸಿದ್ದು ಹದಿನಾಲ್ಕು ಗುಂಟೆ ಸಿಕ್ಕದ್ದಕ್ಕೋ, ಆಕೆಯ ಮಾತಿಗೋ, ಅಥವಾ ಇವೆರಡಕ್ಕೂ ಸಂಬಂಧವಿಲ್ಲದ ಬೇರೆ ಯಾವುದೋ ಕಾರಣಕ್ಕೋ, ನನಗೆ ಗೊತ್ತಿಲ್ಲ. ಬನ್ನಿಗಿಡದ ಕೆಳಗೆ ಆಕೆ ಏನು ಹೇಳಿದಳು ಎಂಬುದೂ ನನಗೆ ಗೊತ್ತಿಲ್ಲ.